ಭಾರ ಇಳಿಸುವ ಹೊತ್ತು

ಆ ಮೂರು ವರ್ಷ ನಮ್ಮೂರಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹತ್ತಿರವಾಯಿತೆಂದರೆ ಯಾರೂ ಒಲೆಯ ಮೇಲೆ ಎಣ್ಣೆ ಇಡುತ್ತಿರಲಿಲ್ಲ. ಕೊಡಗಳ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು, ಕೋಳಿಗಳ ಕಾಲಿಗೆ ದಾರ ಹಾಕಿ ಗೂಟಕ್ಕೆ ಸುತ್ತುತ್ತಿದ್ದರು, ಅಜ್ಜಿಯರು ಸೀರೆ ನೆರಿಗೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಳ್ಳುತ್ತಿದ್ದರು. ಶುರುವಿನಲ್ಲಿ ಕೆಲವರು ಮಹಾ ಬುದ್ಧಿವಂತರು ಅಕ್ಕಿ ಡಬ್ಬದ ಮುಚ್ಚಳದ ಮೇಲೆ ರುಬ್ಬುವ ಗುಂಡು ಇಟ್ಟು ಬಂದಿದ್ದರು. ಗುಂಡೂ ಎದ್ದಿತು, ಮುಚ್ಚಳವೂ ಎದ್ದಿತು, ಹಿಂದೆಯೇ ಅಕ್ಕಿಯೂ ಎದ್ದಿತು. ಆಮೇಲೆ ಎಲ್ಲರೂ ಹಗ್ಗದ ದಾರಿಗೆ ಬಂದರು.

ನನ್ನದು ಹಿಟ್ಟಿನ ಗಿರಣಿ. ನನ್ನ ಪಾಡು ಕೇಳಿ. ಮೊದಲನೇ ಭಾನುವಾರ ಯಾರಿಗೂ ಏನೂ ಗೊತ್ತಿರಲಿಲ್ಲವಲ್ಲ, ಗಿರಣಿಯ ಬಾಗಿಲು ಹಾರು ಹೊಡೆದಿತ್ತು. ರಾಗಿಹಿಟ್ಟು, ಗೋಧಿಹಿಟ್ಟು, ಕಡಲೆಹಿಟ್ಟು ಮೂರೂ ಒಟ್ಟಿಗೆ ಎದ್ದು, ಸೊಂಟದೆತ್ತರದಲ್ಲಿ ತೇಲಿಕೊಂಡು, ಯಾರನ್ನೂ ಕೇಳದೆ ಬೀದಿಗೆ ಹೋದವು. ಇಪ್ಪತ್ತೈದು ನಿಮಿಷ ಆದ ಮೇಲೆ ಎಲ್ಲ ಒಂದೇ ಸಲ ಬಿತ್ತು. ಮೂರು ದಿನ ಊರಿನ ಜನ ಬೆರಕೆ ಹಿಟ್ಟಿನ ಬಣ್ಣದಲ್ಲಿ ಓಡಾಡಿದರು. ಬೈಸಿಕೊಂಡವಳು ಮಾತ್ರ ನಾನು, ದೇವೀರಮ್ಮ, ಗಿರಣಿ ದೇವೀರಿ. ಅವತ್ತಿನಿಂದ ಭಾನುವಾರ ಒಂಬತ್ತೂವರೆಗೇ ಟಾರ್ಪಾಲು ಹೊದೆಸಿ ನಾಲ್ಕೂ ಮೂಲೆ ಬಿಗಿದು ಬೀಗ ಹಾಕುತ್ತಿದ್ದೆ.

ಹತ್ತೂ ಕಾಲರ ಬಸ್ಸು ಊರಾಚೆಯ ಸೇತುವೆ ಹತ್ತಿರವೇ ನಿಲ್ಲುತ್ತಿತ್ತು. ಡ್ರೈವರು ಇಂಜಿನ್ ಆರಿಸಿ ಬೀಡಿ ಹಚ್ಚಿಕೊಂಡು, ಊರು ಇಳಿಯುವವರೆಗೆ ಕಾಯುತ್ತಿದ್ದ. ಬಸ್ಸಿನಲ್ಲಿ ಬಂದ ಬೇರೆ ಊರಿನವರು ಕೇಳುತ್ತಿದ್ದರು, ಏನ್ರಪ್ಪಾ ಇದು, ನಮ್ಮೂರಲ್ಲೂ ಅದೇ ಸೀರಿಯಲ್ ಬರ್ತದೆ, ನಾವು ಬರೀ ನೋಡ್ತೀವಿ ಅಂತ. ಪಾಪ, ಅವರ ಹಣೆಬರಹ, ನಾವೇನು ಮಾಡೋಕಾಗುತ್ತೆ.

ಸೀರಿಯಲ್ಲಿನ ಹೆಸರು 'ಧೂಮಕೇತು ದಂಡು'. ಮಕ್ಕಳಿಗೆ ಅಂತ ಮಾಡಿದ್ದು, ನೋಡುತ್ತಿದ್ದವರು ಹಲ್ಲಿಲ್ಲದವರೇ ಜಾಸ್ತಿ. ಪಂಚಾಯ್ತಿ ಕಟ್ಟೆಯ ಮೇಲೆ ಮರದ ಪೆಟ್ಟಿಗೆಯೊಳಗೆ ಕಪ್ಪುಬಿಳುಪು ಟಿವಿ. ಕ್ಯಾಪ್ಟನ್ ಮಾತಂಗ, ಅವನ ಜೊತೆ ಡಾಕ್ಟರ್ ಅಂಬುಜ, ಡಬ್ಬಣ್ಣ ಅಂತ ಒಂದು ತಗಡಿನ ಯಂತ್ರಮಾನವ. ಇವರು ಮೂವರು ವಾರಕ್ಕೊಂದು ಗ್ರಹಕ್ಕೆ ಹೋಗಿ ಅಲ್ಲಿಯವರ ಕಷ್ಟ ಸುಖ ವಿಚಾರಿಸಿ ಬರುತ್ತಿದ್ದರು. ಎಲ್ಲ ಗ್ರಹಗಳೂ ಒಂದೇ ಕಲ್ಲು ಕ್ವಾರಿಯ ಬೇರೆ ಬೇರೆ ಮೂಲೆ ಅನ್ನೋದು ನಮಗೆ ಎರಡನೇ ವಾರಕ್ಕೇ ಗೊತ್ತಾಗಿತ್ತು. ನೌಕೆಯ ಒಳಗೆ ಗೋಡೆ ತುಂಬ ಗುಂಡಿಗಳು, ಮಿಣುಕು ದೀಪ. ನಮ್ಮ ಹೆಂಗಸರು ಬಿಡುತ್ತಾರೆಯೇ, ಒಂದೊಂದನ್ನೂ ಗುರುತು ಹಿಡಿದಿದ್ದರು. ಅದು ಇಡ್ಲಿ ತಟ್ಟೆ, ಇದು ಕುಕ್ಕರಿನ ವಿಷಲ್ಲು, ಆ ಕಡೆ ಇರೋದು ಶಾವಿಗೆ ಒರಳು ಕಣೇ ಅಂತ. ಹಾಗೆಂದು ಯಾರೂ ನಗಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿರುವ ಸಾಮಾನಿನಲ್ಲೇ ಶನಿಗ್ರಹಕ್ಕೆ ಹೋಗಬಹುದು ಅಂದರೆ ಅದರಲ್ಲಿ ನಗುವುದೇನಿದೆ.

ಶುರುವಿನಲ್ಲಿ ಕ್ಯಾಪ್ಟನ್ ಮಾತಂಗ ಬಲಗೈ ಎತ್ತಿ, "ಭಾರ ಇಳಿಸಿ" ಅನ್ನುತ್ತಿದ್ದ. ನೌಕೆ ಮೇಲೇಳುತ್ತಿತ್ತು, ನಾವೂ ಏಳುತ್ತಿದ್ದೆವು. ಕೊನೆಯಲ್ಲಿ, "ಹೊತ್ಕೊಳ್ಳಿ. ಹೋಗಿ ಬರ್ತೀವಿ" ಅನ್ನುತ್ತಿದ್ದ. ಊರು ದೊಪ್ಪನೆ ಕೆಳಗೆ ಬೀಳುತ್ತಿತ್ತು. ಸೊಂಟದೆತ್ತರ ತಾನೆ, ಯಾರಿಗೂ ಕೈಕಾಲು ಮುರಿಯುತ್ತಿರಲಿಲ್ಲ, ಆದರೆ ಭಾನುವಾರ ಮಧ್ಯಾಹ್ನ ಊರಲ್ಲಿ ಅರ್ಧ ಜನ ಕೂರುವ ಜಾಗ ನೀವಿಕೊಳ್ಳುತ್ತಾ ಊಟ ಮಾಡುತ್ತಿದ್ದದ್ದು ನಿಜ. ಬೇಕರಿ ಪೀಟರಣ್ಣ ಮೊಟ್ಟೆಯ ತಟ್ಟೆಗಳನ್ನು ಹಾಸಿಗೆಯಲ್ಲಿ ಸುತ್ತಿಡುತ್ತಿದ್ದ, ಆದರೂ ವಾರಕ್ಕೆ ಹತ್ತು ಹನ್ನೆರಡು ಒಡೆಯುತ್ತಿದ್ದವು. ಭಾನುವಾರ ಸಂಜೆ ಅವನ ಬೇಕರಿಯಲ್ಲಿ ಕೇಕು ಜಾಸ್ತಿ ಇರುತ್ತಿದ್ದುದು ಅದಕ್ಕೇ.

ಈಗ ನಮ್ಮಪ್ಪನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಅವನಿಗೋಸ್ಕರವೇ.

ಅಪ್ಪನ ಹೆಸರು ಸಣ್ಣಯ್ಯ. ಹೆಸರು ಹಾಗೆ, ಆಳು ಆರಡಿಗಿಂತ ಮೇಲೆ. ಮದುವೆಯ ದಿನ ಹೆಣ್ಣಿನ ಮನೆ ಬಾಗಿಲಲ್ಲಿ ತಲೆ ಹೊಡೆಸಿಕೊಂಡು ಹಣೆಯ ಮೇಲೆ ಬಾಸಿಂಗದ ಜೊತೆ ಊದಿದ ಬೋರೆಯೂ ಇಟ್ಟುಕೊಂಡು ಕೂತಿದ್ದನಂತೆ. ಅಮ್ಮ ಸಾಯುವವರೆಗೂ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ನಾನು ಮಾತ್ರ ಆ ಎತ್ತರ ಕಂಡವಳಲ್ಲ, ನನಗೆ ಬುದ್ಧಿ ಬರುವ ಹೊತ್ತಿಗೇ ಅವನ ಬೆನ್ನು ಬಾಗಲು ಶುರುವಾಗಿತ್ತು. ಅಪ್ಪ ಮಂಡಿಯಲ್ಲಿ ಹಮಾಲಿ. ನಲವತ್ತೆರಡು ವರ್ಷ ಬೆನ್ನ ಮೇಲೆ ಕ್ವಿಂಟಾಲ್ ಮೂಟೆ ಹೊತ್ತವನು. ಕೆಲಸ ಬಿಡುವ ಹೊತ್ತಿಗೆ ಮೂಟೆ ಇಳಿಯಿತು, ಬೆನ್ನು ಮಾತ್ರ ಮೇಲೇಳಲಿಲ್ಲ. ಸೊಂಟದಲ್ಲಿ ಮಡಿಚಿಟ್ಟ ಹಾಗೇ ನಿಂತುಹೋಯಿತು. ಡಾಕ್ಟರು ನೋಡಿ, ನೋವಿದೆಯಾ ಅಂದರು. ನೋವಿಲ್ಲ ಸ್ವಾಮಿ, ನೆಲ ಬಿಟ್ಟು ಬೇರೇನೂ ಕಾಣಲ್ಲ ಅಂದ ಅಪ್ಪ.

ಅದೇನು ಸುಳ್ಳಲ್ಲ. ಅಪ್ಪನಿಗೆ ಊರಿನ ಅಷ್ಟೂ ಜನರ ಕಾಲು ಗೊತ್ತಿತ್ತು. ಇದು ಶಾನುಭೋಗರ ಸೊಸೆಯ ಹಿಮ್ಮಡಿ, ಇದು ಪೋಸ್ಟಿನವನ ಚಪ್ಪಲಿಯ ಕಿತ್ತುಹೋದ ಉಂಗುಷ್ಟ, ಈ ಹುಡುಗಿಗೆ ಕಾಲುಂಗುರ ಹೊಸದು, ಮದುವೆ ಯಾವಾಗ ಆಯ್ತು ಅಂತ ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದ. ಮುಖಗಳು ಮಾತ್ರ ಮರೆತುಹೋಗಿದ್ದವು. ಆಕಾಶ ನೋಡಬೇಕು ಅಂದರೆ ಹೊಂಡದ ನೀರಲ್ಲಿ ನೋಡಬೇಕಿತ್ತು, ಬೇಸಿಗೆಯಲ್ಲಿ ಅದೂ ಇಲ್ಲ.

ಮೊದಲನೇ ಭಾನುವಾರ ಕ್ಯಾಪ್ಟನ್ ಮಾತಂಗ ಭಾರ ಇಳಿಸಿ ಅಂದಾಗ ಅಪ್ಪ ಮನೆಯೊಳಗಿದ್ದ, ನಾನು ಹಿಟ್ಟಿನ ಹಿಂದೆ ಬೀದಿಯಲ್ಲಿದ್ದೆ. ಒಳಗಿನಿಂದ ಢಣ್ ಅಂತ ಸದ್ದು. ತೇಲಿಕೊಂಡೇ, ಗೋಡೆ ಹಿಡಿದುಕೊಂಡೇ ಓಡಿದೆ. ನೋಡಿದರೆ ಅಪ್ಪ ಬಾಗಿಲ ಮೇಲ್ಪಟ್ಟಿಗೆ ತಲೆ ಹೊಡೆಸಿಕೊಂಡು, ಹಣೆ ಹಿಡಿದುಕೊಂಡು ನಿಂತಿದ್ದಾನೆ. ನೆಟ್ಟಗೆ. ಅಷ್ಟುದ್ದ. ನನ್ನನ್ನು ನೋಡಿ, "ನಿಮ್ಮಮ್ಮ ಹೇಳ್ತಿದ್ದದ್ದು ಸುಳ್ಳಲ್ಲ ಕಣೇ" ಅಂದ. ಆಮೇಲೆ ಹೊರಗೆ ಬಂದು ಕತ್ತು ಹಿಂದಕ್ಕೆ ಹಾಕಿ ಮೇಲೆ ನೋಡಿದ. ಊರು ಕೆಳಗೆ ಬೀಳುವವರೆಗೂ ಕಣ್ಣು ಕೆಳಗಿಳಿಸಲಿಲ್ಲ. ಅವತ್ತು ಮೋಡವೂ ಇರಲಿಲ್ಲ, ಹಕ್ಕಿಯೂ ಇರಲಿಲ್ಲ, ನೋಡುವಂಥದ್ದು ಏನೂ ಇರಲಿಲ್ಲ, ಬರೀ ನೀಲಿ. ನನಗೆ ಅಳು ಬಂತು, ಮುಖದ ಹಿಟ್ಟೆಲ್ಲ ಕಲಸಿದ ರಾಗಿಮುದ್ದೆ ಆಯಿತು.

ಆಮೇಲಿನಿಂದ ಭಾನುವಾರ ಅಂದರೆ ಅಪ್ಪನಿಗೆ ಹಬ್ಬ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, ಒಂಬತ್ತಕ್ಕೇ ಪಂಚಾಯ್ತಿ ಕಟ್ಟೆಗೆ ಹೋಗಿ ಕೂರುತ್ತಿದ್ದ. ಊರು ಮೇಲೆದ್ದ ಮೇಲೆ ಹತ್ತು ನಿಮಿಷ ಆಕಾಶ, ಮಿಕ್ಕಿದ ಹೊತ್ತು ಮುಖಗಳು. ಯಾರ ಮುಖ ಯಾರದು ಅಂತ ತಿಳಿಯದೆ ಮೊದಲು ಕಾಲು ನೋಡಿ, ಆಮೇಲೆ ಮುಖ ನೋಡಿ, ಓ ನೀನಾ, ಇಷ್ಟು ಚೆನ್ನಾಗಿದ್ದೀಯಾ ಅನ್ನುತ್ತಿದ್ದ. ವರದರಾಜ ಮೇಷ್ಟ್ರಿಗೆ ಅರವತ್ತು ದಾಟಿತ್ತು, ಅವರಿಗೂ ಹಾಗೇ ಅಂದ. ಮೇಷ್ಟ್ರು ಒಂದು ವಾರ ನಾಚಿಕೊಂಡು ಓಡಾಡಿದರು. ನನ್ನ ಮುಖಕ್ಕೆ ಕೊನೆಯಲ್ಲಿ ಬರುತ್ತಿದ್ದ. ಕೆನ್ನೆಗೆ ಅಂಟಿದ ಹಿಟ್ಟನ್ನು ಹೆಬ್ಬೆರಳಲ್ಲಿ ಒರೆಸುತ್ತಿದ್ದ, ಅಷ್ಟರಲ್ಲಿ ದೊಪ್ಪನೆ ಬೀಳುತ್ತಿದ್ದೆವು.

ಟಿವಿಯ ಕಡೆ ಅಪ್ಪ ನೋಡುತ್ತಿದ್ದದ್ದು ಶುರುವಿನ ಒಂದು ನಿಮಿಷ ಮಾತ್ರ. ಒಂದು ಸಲ ನನಗೆ ಹೇಳಿದ, "ಆ ಕ್ಯಾಪ್ಟನ್ನು ಯಾವುದೋ ಕಾಲದಲ್ಲಿ ಮೂಟೆ ಹೊತ್ತೋನು ಕಣಮ್ಮ. ಬಲಗಡೆ ಹೆಗಲು ನೋಡು, ಇಳಿಜಾರು ಬಿದ್ದಿದೆ. ಇಳಿಸಿ ಅನ್ನೋದನ್ನ ನಮ್ಮ ಹಾಗೇ ಅಂತಾನೆ." ಸರಿ, ನಿನಗೆ ಪ್ರಪಂಚದಲ್ಲಿ ಇರೋರೆಲ್ಲ ಹಮಾಲಿಗಳೇ ಅಂತ ನಾನು ತಮಾಷೆ ಮಾಡಿದೆ.

ಒಂದು ಸಲ ಟಿವಿ ಕೇಂದ್ರದವರದ್ದೇ ಏನೋ ಕೆಟ್ಟು, ಅರ್ಧದಲ್ಲಿ ಚಿತ್ರ ನಿಂತು, ಹೂದಾನಿಯ ಪಟ ಬಂತು. 'ಅಡಚಣೆಗಾಗಿ ವಿಷಾದಿಸುತ್ತೇವೆ'. ಎರಡು ಗಂಟೆ ಹೊತ್ತು ಅದೇ ಹೂದಾನಿ. ಕೆಳಗಿಳಿಸುವವನು ಇಲ್ಲದೆ ಊರು ಎರಡು ಗಂಟೆ ಮೇಲೇ ಇತ್ತು. ಮಕ್ಕಳು ಹಸಿದು ಅತ್ತರು, ಕೋಳಿಗಳು ದಾರದ ತುದಿಯಲ್ಲಿ ಗಾಳಿಪಟವಾಗಿ ಕೂಗಿಕೊಂಡವು, ಸೇತುವೆ ಹತ್ತಿರ ಬಸ್ಸಿನವನು ಹಾರನ್ ಒತ್ತಿ ಒತ್ತಿ ಸುಸ್ತಾದ. ಎಲ್ಲರೂ ಕೇಂದ್ರದವರಿಗೆ ಶಾಪ ಹಾಕುತ್ತಿದ್ದರೆ ಅಪ್ಪ ಒಬ್ಬ ಮೇಲೆ ನೋಡಿಕೊಂಡು ಆರಾಮಾಗಿದ್ದ. ಚಿತ್ರ ಮತ್ತೆ ಬಂದು ಕ್ಯಾಪ್ಟನ್ನು ಹೊತ್ಕೊಳ್ಳಿ ಅಂದಾಗಲೇ ಎಲ್ಲರೂ ಇಳಿದದ್ದು. ಮಾರನೇ ದಿನ ಅವನ ಮೂಗು, ಹಣೆ ಎಲ್ಲ ಕೆಂಪಗೆ ಸುಲಿದಿತ್ತು. ಅಷ್ಟು ವರ್ಷ ಬಿಸಿಲನ್ನೇ ಕಾಣದ ಮುಖ ಅಲ್ಲವೇ. ಕೊಬ್ಬರಿ ಎಣ್ಣೆ ಹಚ್ಚಲು ನಾನು ಬಗ್ಗಿ ಕೈ ಹಾಕಿದರೆ, "ಇರ್ಲಿ ಬಿಡು, ಇದು ಆಕಾಶದ್ದು" ಅಂದ.

ಮೂರು ವರ್ಷ ಹೀಗೆ ನಡೆದು, ಒಂದು ಭಾನುವಾರ ಟಿವಿಯಲ್ಲಿ ಕೊನೆಗೆ ಒಂದು ಸಾಲು ಬಂತು. ಮುಂದಿನ ವಾರ ಕೊನೆಯ ಕಂತು. ವರದರಾಜ ಮೇಷ್ಟ್ರು ಅದನ್ನು ಜೋರಾಗಿ ಓದಿದರು, ಇನ್ನೊಂದು ಸಲ ಓದಿದರು, ಆಮೇಲೆ ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದರು. ಅರ್ಥ ಬದಲಾಗಲಿಲ್ಲ.

ಕೊನೆಯ ಕಂತಿನಲ್ಲಿ ಧೂಮಕೇತು ದಂಡು ಕ್ವಾರಿಯ ಯಾವುದೋ ಹೊಸ ಮೂಲೆಗೆ ಹೋಯಿತು. ನಮಗೆ ಕಥೆ ತಲೆಗೆ ಹೋಗಲಿಲ್ಲ. ಎಲ್ಲರೂ ಗಡಿಯಾರ ನೋಡುತ್ತಿದ್ದೆವು. ಕೊನೆಗೆ ಕ್ಯಾಪ್ಟನ್ ಮಾತಂಗ ನಮ್ಮ ಕಡೆ ತಿರುಗಿ, "ಹೊತ್ಕೊಳ್ಳಿ" ಅಂದ. ಒಂದು ಕ್ಷಣ ಬಿಟ್ಟು, "ಹೋಗ್ತೀವಿ" ಅಂದ.

ಹೋಗಿ ಬರ್ತೀವಿ ಅನ್ನಲಿಲ್ಲ. ನೀವೇ ಹೇಳಿ, ಮನೆಯಿಂದ ಹೊರಡುವವರು ಯಾರಾದರೂ ಹೋಗ್ತೀನಿ ಅಂತಾರೆಯೇ. ಸಂತೆಗೆ ಹೋಗುವವನೂ ಬರ್ತೀನಿ ಅಂತ ತಾನೆ ಹೇಳುವುದು. ನೆಲಕ್ಕೆ ಬಿದ್ದ ಪೆಟ್ಟಿನಲ್ಲೂ ಪೀಟರಣ್ಣನ ಅತ್ತೆ ಟಿವಿಯ ಕಡೆ ಕೈ ಚಾಚಿ, "ಬಿಡ್ತು ಅನ್ನಪ್ಪಾ, ಬಿಡ್ತು ಅನ್ನು" ಅಂದಳು. ಅಷ್ಟರಲ್ಲಿ ಸಾಬೂನಿನ ಜಾಹೀರಾತು ಬಂದುಬಿಟ್ಟಿತ್ತು.

ಮುಂದಿನ ಭಾನುವಾರ ಹತ್ತು ಗಂಟೆಗೆ ಕೋಳಿ ಸಾಕಣೆ ಬಗ್ಗೆ ಒಂದು ಕಾರ್ಯಕ್ರಮ ಹಾಕಿದರು. ಊರಿನವರು ಅಭ್ಯಾಸಬಲದಿಂದ ಎಲ್ಲ ಕಟ್ಟಿ ಬಿಗಿದು ಬಂದು ಕೂತಿದ್ದರು. ಟಿವಿಯಲ್ಲಿ ಒಬ್ಬ ಸೂಟಿನವನು ಕೋಳಿಗೂಡಿನ ಅಳತೆ ಹೇಳಿದ. ಯಾರೂ ಮೇಲೇಳಲಿಲ್ಲ. ಅಪ್ಪ ಬಿಳಿ ಶರಟಿನಲ್ಲಿ ನೆಲ ನೋಡಿಕೊಂಡು ಕಾರ್ಯಕ್ರಮ ಮುಗಿಯುವವರೆಗೂ ಕೂತಿದ್ದ. ಆಮೇಲೆ ನನ್ನ ಪಾದದ ಕಡೆ ನೋಡಿ, "ನಡಿಯಮ್ಮ, ಮನೆಗೆ ಹೋಗೋಣ. ಮೂರು ವರ್ಷ ಸಿಕ್ಕಿದ್ದೇ ಹೆಚ್ಚು" ಅಂದ. ಬೇಜಾರಿನಲ್ಲೇನೂ ಹೇಳಲಿಲ್ಲ, ಸುಮ್ಮನೆ ಹೇಳಿದ. ನನಗೆ ಅದೇ ತಡೆಯಲಿಲ್ಲ. ನನಗೆ ಸಂಕಟಕ್ಕಿಂತ ಮುಂಚೆ ಸಿಟ್ಟು ಬರುತ್ತದೆ, ಹುಟ್ಟುಗುಣ. ಅಲ್ಲೇ ಕಟ್ಟೆಯ ಮೇಲೆ ನಿಂತು ಅಂದೆ, "ಇಡ್ಲಿ ತಟ್ಟೆ ನಮ್ಮನೇಲೂ ಇದೆ. ಅವರಿಗೆ ಆಗಲ್ಲ ಅಂದ್ರೆ ಬೇಡ. ನಾವೇ ಮಾಡೋಣ."

ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಶಾನುಭೋಗರ ಸೊಸೆ, ನಮ್ಮನೇಲಿ ಶಾವಿಗೆ ಒರಳಿದೆ ಅಂದಳು. ಅಲ್ಲಿಗೆ ಮಾತು ಮುಗಿಯಿತು, ಕೆಲಸ ಶುರುವಾಯಿತು.

ಫೋಟೋ ಸ್ಟುಡಿಯೋ ಇನಾಯತ್ ಹತ್ತಿರ ಮದುವೆಗಳಿಗೆ ಒಯ್ಯುವ ವೀಡಿಯೋ ಕ್ಯಾಮೆರಾ ಇತ್ತು. ಅದರ ತಂತಿಯನ್ನು ಪಂಚಾಯ್ತಿ ಟಿವಿಗೆ ಸಿಕ್ಕಿಸಿದರೆ ಇಲ್ಲಿ ಆಡಿದ್ದು ಅಲ್ಲಿ ಕಾಣುತ್ತದೆ ಅಂದ. ಗಿರಣಿ ಪಂಚಾಯ್ತಿ ಕಟ್ಟೆಯ ಎದುರಿಗೇ ಇದ್ದದ್ದರಿಂದ ನೌಕೆ ನನ್ನ ಗಿರಣಿಯೊಳಗೆ ತಯಾರಾಯಿತು. ಕಾಳು ಸುರಿಯುವ ತಗಡಿನ ಕೊಳವೆ ನೌಕೆಯ ಮೂತಿ ಆಯಿತು, ಗೋಡೆ ತುಂಬ ಇಡ್ಲಿ ತಟ್ಟೆ, ಕುಕ್ಕರ್ ವಿಷಲ್ಲು, ದೀಪಾವಳಿಯ ಮಿಣುಕು ಬಲ್ಬು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಪೀಟರಣ್ಣ ಡಬ್ಬಣ್ಣನಾದ. ಅವನ ಹೊಟ್ಟೆ ಒಂದು ಡಬ್ಬಕ್ಕೆ ಹಿಡಿಸದೆ ಎರಡು ಜೋಡಿಸಬೇಕಾಯಿತು. ಡಾಕ್ಟರ್ ಅಂಬುಜ ನಾನೇ. ಕಥೆ ಬರೆದವರು ವರದರಾಜ ಮೇಷ್ಟ್ರು, ಹಾಗಾಗಿ ಕ್ಯಾಪ್ಟನ್ನೂ ಅವರೇ. ಅಪ್ಪನಿಗೆ ಏನೂ ಪಾತ್ರ ಕೊಡಲಿಲ್ಲ. ಬಾಗಿಲ ಹತ್ತಿರ ಗೋಧಿ ಮೂಟೆಯ ಮೇಲೆ ಕೂತಿರು ಅಂದೆವು, ಕೂತಿದ್ದ. ಊರಿನವರೆಲ್ಲ ಎದುರಿಗೆ ಕಟ್ಟೆಯ ಮೇಲೆ ಟಿವಿಯ ಮುಂದೆ.

ಮುಂದಿನ ಭಾನುವಾರ ಹತ್ತು ಗಂಟೆಗೆ ಇನಾಯತ್ ಕೈ ಬೀಸಿದ. ಮೇಷ್ಟ್ರು ಬಲಗೈ ಎತ್ತಿದರು. ಮೂವತ್ತೈದು ವರ್ಷ ಪಾಠ ಮಾಡಿದ ಗಂಟಲು. "ಭಾರವನ್ನು ಇಳಿಸತಕ್ಕದ್ದು" ಅಂದರು.

ಒಂದು ಹಿಟ್ಟಿನ ಕಣವೂ ಅಲುಗಲಿಲ್ಲ. ಮೇಷ್ಟ್ರು ಮತ್ತೆ, "ಭಾರವನ್ನು ಕೆಳಗಿಳಿಸಿರಿ" ಅಂದರು. ಕಟ್ಟೆಯ ಕಡೆಯಿಂದ ಯಾರೋ, ಮೇಷ್ಟ್ರೇ ಪುಸ್ತಕದಲ್ಲಿ ಇರೋ ಹಾಗೆ ಬೇಡ, ಬಾಯಲ್ಲಿ ಬರೋ ಹಾಗೆ ಅನ್ನಿ ಅಂತ ಕೂಗಿದರು. ಆಡುಮಾತಿನಲ್ಲಿ ಹೇಳಿದರೆ ಕ್ಯಾಪ್ಟನ್ನಿಗೆ ಗೌರವ ಇರುವುದಿಲ್ಲ ಅಂತ ಮೇಷ್ಟ್ರು ಕ್ಯಾಮೆರಾ ಮುಂದೆಯೇ ವಾದಕ್ಕೆ ನಿಂತರು. ಡಬ್ಬಣ್ಣ ಒಳಗೆ ಸೆಕೆ ತಡೆಯಲಾರದೆ, ಯಾರಾದ್ರೂ ಮುಚ್ಚಳ ತೆಗೀರಪ್ಪಾ ಅಂದ. ಅವತ್ತಿಗೆ ಅಷ್ಟೇ ಆಯಿತು.

ಅದರ ಮುಂದಿನ ಭಾನುವಾರ ಒಬ್ಬೊಬ್ಬರಾಗಿ ಹೇಳಿ ನೋಡಿದೆವು. ಊರಿನ ಕಾನ್‌ಸ್ಟೇಬಲ್ ಭಾರ ಇಳಿಸಿ ಅಂದ, ಗದರಿಸಿದ ಹಾಗಾಯಿತು. ಪೀಟರಣ್ಣ ಡಬ್ಬದಿಂದ ತಲೆ ಹೊರಗೆ ಹಾಕಿ, "ಭಾರ ಇಳಿಸಿ ಪ್ಲೀಸ್" ಅಂದ. ನಾನೂ ಹೇಳಿದೆ. ನನ್ನ ದನಿಗೆ ಬೀದಿಯ ನಾಯಿ ಎದ್ದು ಹೋಯಿತು, ಬೇರೇನೂ ಏಳಲಿಲ್ಲ. ಹನ್ನೊಂದು ಗಂಟೆಗೆ ಎಲ್ಲರೂ ಸುಸ್ತಾಗಿ ಕೂತೆವು. ಬಲ್ಬುಗಳು ಪಾಪ ಮಿಣುಕುತ್ತಲೇ ಇದ್ದವು. ಮೇಷ್ಟ್ರು ಮೆಲ್ಲಗೆ, "ದೇವೀರಮ್ಮ, ನಾವು ಹುಡುಗಾಟ ಆಡ್ತಾ ಇದ್ದೀವಿ ಅನ್ಸುತ್ತೆ. ಬಿಚ್ಚಿ ಅವರವರ ಪಾತ್ರೆ ಅವರವರಿಗೆ ಕೊಟ್ಟುಬಿಡೋಣ" ಅಂದರು. ಅಪ್ಪನ ಕಡೆ ನೋಡಲು ಧೈರ್ಯ ಬರಲಿಲ್ಲ.

ಆಗ ಗೋಧಿ ಮೂಟೆಯ ಮೇಲಿಂದ ಅಪ್ಪ, ನೆಲ ನೋಡಿಕೊಂಡೇ ಕೇಳಿದ. "ಮೇಷ್ಟ್ರೇ, ನೀವು ಯಾವತ್ತಾದ್ರೂ ಮೂಟೆ ಹೊತ್ತಿದ್ದೀರಾ?"

"ಇಲ್ಲಪ್ಪ ಸಣ್ಣಯ್ಯ. ಸೀಮೆಸುಣ್ಣ ಹೊತ್ತಿದ್ದೀನಿ, ಅಷ್ಟೇ."

"ಅದಕ್ಕೇ ಇಳೀತಿಲ್ಲ. ಹೊತ್ತಿದ್ರೆ ತಾನೆ ಇಳಿಯೋದು. ತಪ್ಪು ತಿಳ್ಕೋಬೇಡಿ, ನೀವು ಅಪ್ಪಣೆ ಕೊಡ್ತಾ ಇದ್ದೀರಿ. ಇಳಿಸಿ ಅನ್ನೋದು ಅಪ್ಪಣೆ ಅಲ್ಲ. ಎದುರಿಗೆ ಒಬ್ಬ ಮೂಟೆ ಹೊತ್ಕೊಂಡು ಉಸಿರು ಬಿಡ್ತಾ ಬರ್ತಿರ್ತಾನೆ. ಅವನಿಗೆ, ಸಾಕಪ್ಪಾ, ಬಂತು ಜಾಗ, ಇಳಿಸು ಅಂತೀವಿ. ಹಾಗೆ ಅನ್ನಬೇಕು."

ಕ್ಯಾಪ್ಟನ್ನಿನ ಬಲಹೆಗಲು ಇಳಿಜಾರು ಅಂತ ಅಪ್ಪ ಅವತ್ತೇ ಹೇಳಿದ್ದ. ನಾನು ತಮಾಷೆ ಮಾಡಿದ್ದೆ. ನನ್ನ ಹಣೆಗೆ ನಾನೇ ಹೊಡೆದುಕೊಂಡೆ. "ಅಪ್ಪ, ನೀನು ಹೇಳು" ಅಂದೆ.

"ನಾನೇ? ನನ್ನ ಮುಖ ಎಲ್ಲಿ ಕಾಣುತ್ತೆ ತಾಯಿ. ಟಿವಿಯಲ್ಲಿ ಬೆನ್ನು ನೋಡ್ತಾರಾ ಜನ?"

ಇನಾಯತ್ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿದ. ಹಿಟ್ಟು ಹರಡಿದ ನೆಲದ ಮೇಲೆ, ಅಪ್ಪನ ಕಾಲ ಹತ್ತಿರ, ಒಳ್ಳೆಯ ಪ್ಯಾಂಟು ಹಾಕಿದ್ದರೂ ಲೆಕ್ಕಿಸದೆ ಅಂಗಾತ ಮಲಗಿ, ಕ್ಯಾಮೆರಾ ಎದೆಯ ಮೇಲಿಟ್ಟು ಮೇಲಕ್ಕೆ ಹಿಡಿದ. "ಈಗ ಕಾಣ್ತೀರಿ ಸಣ್ಣಣ್ಣ. ಫಸ್ಟ್ ಕ್ಲಾಸಾಗಿ ಕಾಣ್ತೀರಿ" ಅಂದ.

ಕಟ್ಟೆಯ ಮೇಲಿನವರೆಲ್ಲ ಟಿವಿಯ ಕಡೆ ಕತ್ತು ಚಾಚಿದರು. ಬಾಗಿಲಿನಿಂದ ನನಗೂ ಟಿವಿ ಕಾಣುತ್ತಿತ್ತು. ತೆರೆ ತುಂಬ ಅಪ್ಪನ ಮುಖ. ಭಾನುವಾರ ಅಲ್ಲಿ ಇಲ್ಲಿ ತೇಲುವಾಗ ಕಂಡ ಮುಖವೇ, ಆದರೆ ಈಗ ಅಷ್ಟು ಹತ್ತಿರ, ಅಷ್ಟು ದೊಡ್ಡದಾಗಿ. ಕಣ್ಣಿನ ಸುತ್ತ ಸುಕ್ಕು, ಹಣೆಯ ಮೇಲೆ ಬಾಗಿಲು ಹೊಡೆದ ಹಳೆಯ ಗುರುತು. ಅಪ್ಪ ಕ್ಯಾಮೆರಾ ಕಡೆ ನೋಡಿದ. ಕೈ ಎತ್ತಲಿಲ್ಲ. ಎದುರಿಗೆ ಊರಿಗೆ ಊರೇ ಮೂಟೆ ಹೊತ್ತು ಸಾಲಾಗಿ ಬರುತ್ತಿರುವುದನ್ನು ಕಂಡವನ ಹಾಗೆ ನೋಡಿ, ಸಣ್ಣ ದನಿಯಲ್ಲಿ ಅಂದ.

"ಸಾಕು ಬನ್ರಪ್ಪಾ. ಭಾರ ಇಳ್ಸಿ."

ಮೊದಲು ಎದ್ದದ್ದು ಹಿಟ್ಟು. ಟಾರ್ಪಾಲು ಕಟ್ಟುವುದನ್ನು ಅವತ್ತು ನಾನು ಮರೆತಿದ್ದೆ, ಮರೆತದ್ದೇ ಒಳ್ಳೆಯದಾಯಿತು. ಇನಾಯತ್ ಮಲಗಿದ ಹಾಗೇ ಮೇಲೆ ಬಂದ, ಎದೆಯ ಮೇಲೆ ಕ್ಯಾಮೆರಾ ಭದ್ರವಾಗಿ ಹಿಡಿದುಕೊಂಡು. ಪೀಟರಣ್ಣ ಎರಡು ಡಬ್ಬಗಳ ಸಮೇತ ಎದ್ದು ಗೋಡೆಗೆ ತಾಗಿ ಗಂಟೆ ಬಾರಿಸಿದ ಸದ್ದಾಯಿತು. ಮೇಷ್ಟ್ರು ಪಂಚೆ ಹಿಡಿದುಕೊಂಡು ಎದ್ದರು, ಮುಖದಲ್ಲಿ ಸೋತ ಬೇಜಾರು ಒಂದಿಷ್ಟೂ ಇರಲಿಲ್ಲ. ಎದುರಿಗೆ ಕಟ್ಟೆಯ ಮೇಲಿನ ಜನ, ಬೀದಿಯ ಜನ, ಒಗೆದು ಹಾಕಿದ ಬಟ್ಟೆ, ಕಟ್ಟದೆ ಬಿಟ್ಟಿದ್ದ ಕೋಳಿಗಳು, ಎಲ್ಲ ಸೊಂಟದೆತ್ತರಕ್ಕೆ ಬಂದವು. ಮೂರು ವಾರ ನೆಲದ ಮೇಲೆ ಇದ್ದ ಊರು ನಗಲು ಶುರುಮಾಡಿತು. ಆ ನಗು ಸೇತುವೆಯವರೆಗೂ ಕೇಳಿಸಿತು ಅಂತ ಅವತ್ತು ತಡವಾಗಿ ಬಂದ ಬಸ್ಸಿನ ಡ್ರೈವರ್ ಆಮೇಲೆ ಹೇಳಿದ.

ಅಪ್ಪ ಮೂಟೆಯ ಮೇಲಿಂದ ಬಿಚ್ಚಿಕೊಳ್ಳುತ್ತಾ ಎದ್ದ. ಬಾಗಿಲ ಮೇಲ್ಪಟ್ಟಿಗೆ ಕೈ ಕೊಟ್ಟು, ಈ ಸಲ ತಲೆ ಹೊಡೆಸಿಕೊಳ್ಳದೆ, ಹೊರಗೆ ಬಂದ. ಆಕಾಶ ಅವನಿಗಾಗಿ ಅಂತಲೇ ಒಂದು ಸಣ್ಣ ಮೋಡ ಇಟ್ಟುಕೊಂಡಿತ್ತು. ಅದನ್ನು ನೋಡಿದ. ಆಮೇಲೆ ಒಬ್ಬೊಬ್ಬರ ಮುಖ ನೋಡಿದ, ಈ ಸಲ ಕಾಲು ನೋಡದೆಯೇ ಎಲ್ಲರ ಹೆಸರು ಹೇಳಿದ. ಕೊನೆಯಲ್ಲಿ ನನ್ನ ಹತ್ತಿರ ಬಂದು ಕೆನ್ನೆಯ ಹಿಟ್ಟು ಒರೆಸಿದ. ಒರೆಸಿದಷ್ಟೂ ಗಾಳಿಯಲ್ಲಿದ್ದ ಹಿಟ್ಟು ಬಂದು ಕೂರುತ್ತಿತ್ತು, ಇಬ್ಬರೂ ನಕ್ಕೆವು.

ಇಪ್ಪತ್ತೈದು ನಿಮಿಷ ಆಯಿತು. ಮೂವತ್ತಾಯಿತು. ಆಗ ನನಗೆ ಒಂದು ವಿಷಯ ಹೊಳೆಯಿತು. ಊರನ್ನು ಕೆಳಗಿಳಿಸುವ ಮಾತು ಈಗ ಅಪ್ಪನ ಬಾಯಲ್ಲಿದೆ. ಅವನು ಹೇಳದಿದ್ದರೆ ಯಾರೂ ಇಳಿಯಬೇಕಾಗಿಲ್ಲ. ಅವನ ಬೆನ್ನು ಬಾಗಬೇಕಾಗಿಲ್ಲ. ನಾನು ಅವನ ಕಿವಿಯ ಹತ್ತಿರ ಹೋಗಿ, ನಾಚಿಕೆ ಬಿಟ್ಟು ಹೇಳಿದೆ, "ಅಪ್ಪ, ಹೇಳಬೇಡ. ಹೀಗೇ ಇದ್ದುಬಿಡು. ಊರು ಹೇಗೋ ಹೊಂದ್ಕೊಳ್ಳುತ್ತೆ. ನಾನು ಎಲ್ಲರಿಗೂ ಹೇಳ್ತೀನಿ."

ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟ. ತಾಯಿಯೊಬ್ಬಳು ತೇಲುತ್ತಿರುವ ಕೂಸಿಗೆ ಗಾಳಿಯಲ್ಲಿ ಚದುರುವ ಹಾಲು ಕುಡಿಸಲು ಒದ್ದಾಡುತ್ತಿದ್ದಳು. ಕೋಳಿಗಳು ಹೌಹಾರಿದ್ದವು. ಸೇತುವೆ ಕಡೆಯಿಂದ ಹಾರನ್ ಕೇಳಿಸಿತು.

"ಇಷ್ಟೂ ಜನ ಈಗ ನನ್ನ ಬೆನ್ನ ಮೇಲೆ ಇದ್ದಾರೆ ಕಣಮ್ಮ" ಅಂದ ಅಪ್ಪ. "ಎತ್ತಿದ ಮೂಟೇನ ನಡುದಾರೀಲಿ ಬಿಟ್ಟು ನಾನು ಯಾವತ್ತೂ ಹೋಗಿಲ್ಲ. ಜಾಗಕ್ಕೆ ಮುಟ್ಟಿಸಬೇಕು."

ಮೇಷ್ಟ್ರು ಕಾಗದದಲ್ಲಿ ಬರೆದದ್ದನ್ನು ಮುಂದೆ ಹಿಡಿದು ತೋರಿಸಿದರು. ಅಪ್ಪನಿಗೆ ಓದು ಬರುವುದಿಲ್ಲ, ಬಂದಿದ್ದರೂ ಓದುತ್ತಿರಲಿಲ್ಲ. ಅವನು ಬಾಗಿಲಿಗೆ ತೇಲಿ ಬಂದಿದ್ದ ಇನಾಯತ್‌ನ ಕ್ಯಾಮೆರಾ ಕಡೆ ನೋಡಿ, "ಹೊತ್ಕೊಳ್ರಪ್ಪಾ, ನಿಧಾನ" ಅಂದ. ಆಮೇಲೆ ಕತ್ತು ಹಿಂದಕ್ಕೆ ಹಾಕಿ, ಕ್ಯಾಮೆರಾವನ್ನೂ ನಮ್ಮನ್ನೂ ಬಿಟ್ಟು, ಆಕಾಶಕ್ಕೆ ಹೇಳಿದ.

"ಹೋಗಿ ಬರ್ತೀನಿ."

ಕ್ಯಾಪ್ಟನ್ ಮಾತಂಗ ಮೂರು ವರ್ಷ ನಮ್ಮನ್ನು ಎತ್ತಿಹಾಕಿದ್ದ. ನಲವತ್ತೆರಡು ವರ್ಷ ಮೂಟೆ ಇಳಿಸಿದ ಹಮಾಲಿ ಹಾಗೆ ಮಾಡುವುದಿಲ್ಲ. ಮೂಟೆ ಹೊರುವುದಕ್ಕಿಂತ ಇಳಿಸುವುದರಲ್ಲಿ ಕೆಲಸ ಇದೆ ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದ, ಮೊದಲು ಒಂದು ಮೂಲೆ ನೆಲಕ್ಕೆ ತಾಗಬೇಕು, ಆಮೇಲೆ ಇನ್ನೊಂದು, ಹೊಲಿಗೆ ಬಿಚ್ಚಬಾರದು. ಊರು ಹಾಗೆ ಇಳಿಯಿತು. ಮೊದಲು ಬಲಗಾಲು, ಆಮೇಲೆ ಎಡಗಾಲು. ಮುಚ್ಚಳಗಳು ಸದ್ದಿಲ್ಲದೆ ಅವುಗಳ ಪಾತ್ರೆಗೇ ಹೋಗಿ ಕೂತವು. ಹಿಟ್ಟು ನನ್ನ ಡಬ್ಬಗಳಿಗೆ ವಾಪಸು ಬಂತು, ರಾಗಿ ರಾಗಿಗೆ, ಗೋಧಿ ಗೋಧಿಗೆ, ಕಡಲೆ ಕಡಲೆಗೆ. ಪೀಟರಣ್ಣ ಬೇಕರಿಗೆ ಓಡಿ, ಹಾಸಿಗೆ ಸುತ್ತದೆ ಬಿಟ್ಟಿದ್ದ ಮೊಟ್ಟೆಗಳನ್ನು ಎಣಿಸಿ, 'ಒಂದೂ ಒಡೆದಿಲ್ಲ, ಕೇಕಿಗೆ ಏನು ಮಾಡಲಿ ಈಗ' ಅಂತ ಕೂಗಿದ. ಕೂರುವ ಜಾಗ ನೀವಿಕೊಳ್ಳುವವರು ಅವತ್ತು ಒಬ್ಬರೂ ಇರಲಿಲ್ಲ.

ಎಲ್ಲರೂ ಇಳಿದ ಮೇಲೆ ಕೊನೆಯಲ್ಲಿ ಅಪ್ಪನ ಬೆನ್ನು ಇಳಿಯಿತು. ನಿಧಾನವಾಗಿ ಸೊಂಟದಲ್ಲಿ ಮಡಿಚಿಕೊಂಡು ಹಳೆಯ ಜಾಗಕ್ಕೆ ಬಂದು ನಿಂತಿತು. ನಾನು ನೋಡಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಅಪ್ಪ ನೆಲ ನೋಡಿದ. "ದೇವೀರಿ, ಹೊಸ ಚಪ್ಪಲಿ ಯಾವಾಗ ತಗೊಂಡೆ? ಚೆನ್ನಾಗಿದೆ" ಅಂದ.

ಆಗ ಇನಾಯತ್ ನೆನಪಾದ, ಹಿಟ್ಟಿನ ನೆಲದಲ್ಲಿ ಅಂಗಾತ ಮಲಗಿ ನಮ್ಮಪ್ಪನ ಮುಖ ಹಿಡಿದವನು. ಅಷ್ಟು ವರ್ಷ ಅಪ್ಪನ ಜೊತೆ ಒಂದೇ ಮನೆಯಲ್ಲಿದ್ದೂ ಹಾಗೆ ಕೆಳಗಿನಿಂದ ನೋಡಬಹುದು ಅಂತ ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಬೀದಿಯ ಮಧ್ಯದಲ್ಲೇ, ಬಸ್ಸು ಹಾರನ್ ಹೊಡೆದುಕೊಂಡು ಬರುತ್ತಿದ್ದರೂ, ನಾನು ಅಪ್ಪನ ಪಾದದ ಹತ್ತಿರ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟೆ. ತಲೆ ಎತ್ತಿದರೆ ಅಪ್ಪನ ಮುಖ ನೇರ ನನ್ನ ಮುಖದ ಮೇಲಿತ್ತು. ಅವನು ಸ್ವಲ್ಪ ಹೊತ್ತು ನೋಡಿದ, ಕೈ ಚಾಚಿ ಕೆನ್ನೆಯ ಹಿಟ್ಟು ಒರೆಸಿದ. ಆ ಹಿಟ್ಟು ಮತ್ತೆ ಬಂದು ಕೂರಲಿಲ್ಲ. ಬಸ್ಸು ನಿಂತಿತು. ವರದರಾಜ ಮೇಷ್ಟ್ರು ಬಂದು ಪಂಚೆ ಮಡಿಚಿ ನನ್ನ ಪಕ್ಕ ನೆಲಕ್ಕೆ ಕೂತು, "ಏನಪ್ಪಾ ಸಣ್ಣಯ್ಯ, ಮುಂದಿನ ವಾರ ಯಾವ ಗ್ರಹ?" ಅಂತ ಕೇಳಿದರು.